ಪೆಟ್ರೋಲಿನ ಪರಿಮಳ

ಪೆಟ್ರೋಲಿನ ವಾಸನೆ ನನಗೆ ಚಿಕ್ಕಂದಿನಿಂದಲೂ ಇಷ್ಟ. ಕನ್ನಡ ಮೇಷ್ಟರಾದವರು ಮಲ್ಲಿಗೆಯನ್ನೋ ಮೊದಲ ಮಳೆಯ ಮಣ್ಣನ್ನೋ ಹೊಗಳಬೇಕು. ಆದರೆ ನಿಜವನ್ನು ಮುಚ್ಚಿಟ್ಟು ಪ್ರಯೋಜನವೇನು? ಅಪ್ಪನ ಸ್ಕೂಟರಿನ ಮುಂದೆ ನಿಂತು ಬಂಕಿಗೆ ಹೋದಾಗಲೆಲ್ಲ ಉಸಿರನ್ನು ಉದ್ದಕ್ಕೆ ಎಳೆದುಕೊಳ್ಳುತ್ತಿದ್ದೆ.

ಆ ಪರಿಮಳದಲ್ಲಿ ಬೆಂಜೀನಿನ ಪಾಲೂ ಇದೆಯೆಂದು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರು ಹೇಳಿದರು. ಪದಗಳ ಬೆನ್ನು ಹತ್ತುವುದು ನನ್ನ ಹಳೆಯ ಚಟ. ಹುಡುಕುತ್ತ ಹೋದರೆ ಕೊನೆಗೆ ಸಿಕ್ಕಿದ್ದು ನಮ್ಮ ಲೋಬಾನ! ಅರಬ್ಬರು ‘ಲುಬಾನ್ ಜಾವಿ’, ಎಂದರೆ ಜಾವಾದ ಧೂಪ, ಎಂದು ಕರೆದ ಅಂಟು ಯೂರೋಪಿಗೆ ಹೋಗಿ ‘ಬೆಂಜೋಯಿನ್’ ಆಯಿತು. ಅದರಲ್ಲಿರುವ ಆಮ್ಲವನ್ನು ಸುಣ್ಣದೊಡನೆ ಕಾಯಿಸಿ 1833ರಲ್ಲಿ ಜರ್ಮನಿಯ ಮಿಚರ್‌ಲಿಕ್ ಇಳಿಸಿದ ದ್ರವಕ್ಕೆ ಈ ಹೆಸರು ಅಂಟಿತು. (ಫ್ಯಾರಡೆ ಅದನ್ನು 1825ರಲ್ಲೇ ಕಂಡಿದ್ದ, ಪಾಪ, ಅವನಿಟ್ಟ ಹೆಸರು ಉಳಿಯಲಿಲ್ಲ.) ಧೂಪದ ಕುಲದ್ದೆಂದು ತಿಳಿದ ಮೇಲೆ ನನಗೆ ಅದರ ಮೇಲೆ ಇನ್ನಷ್ಟು ಅಕ್ಕರೆ ಬಂತು.

ಅಕ್ಕರೆ ಇಳಿದದ್ದು ಒಬ್ಬ ವಿದ್ಯಾರ್ಥಿಯಿಂದ. ಎರಡನೆಯ ಬಿ.ಎ. ಹುಡುಗ, ಪಂಪನ ಪಾಠ ಶುರುವಾದರೆ ಅವನಿಗೆ ತೂಕಡಿಕೆ. ಒಂದು ದಿನ ಎಬ್ಬಿಸಿ, ‘ರಾತ್ರಿಯೆಲ್ಲ ಏನು ಮಾಡ್ತೀಯಯ್ಯಾ?’ ಎಂದು ಗದರಿದೆ.

‘ಬಂಕಿನಲ್ಲಿ ಕೆಲಸ ಸಾರ್, ಸಂಜೆ ನಾಲ್ಕರಿಂದ ಹನ್ನೆರಡರವರೆಗೆ. ನಿಮ್ಮ ಸ್ಕೂಟರಿಗೂ ನಾನೇ ಹಾಕೋದು.’

ತರಗತಿ ನಕ್ಕಿತು. ನಾನು ನಗಲಾರದೆ ಹೋದೆ. ‘ಜೀರೋ ನೋಡಿ ಸಾರ್’ ಎಂದು ಅವನು ಹೇಳುತ್ತಿದ್ದ. ನಾನು ಜೀರೋ ನೋಡುತ್ತಿದ್ದೆ, ಅವನನ್ನು ನೋಡಿರಲಿಲ್ಲ. ‘ಕತ್ತಿನವರೆಗೆ ಹಾಕಪ್ಪಾ’ ಎಂದು ಬೇರೆ ಹೇಳುತ್ತಿದ್ದೆ. ಟ್ಯಾಂಕಿಗೆ ಪೆಟ್ರೋಲು ಇಳಿದಷ್ಟೂ ಒಳಗಿದ್ದ ಆವಿ ಮೇಲಕ್ಕೆ ಬರಬೇಕಲ್ಲವೆ? ಅದು ಬರುವುದು ಬಗ್ಗಿ ನಿಂತು ಮಟ್ಟ ನೋಡುವವನ ಮುಖಕ್ಕೆ.

ಆಮೇಲೆ ಅವನಿಗೆ ಮೇಲಿಂದ ಮೇಲೆ ನೆಗಡಿ, ಜ್ವರ. ರಕ್ತಪರೀಕ್ಷೆಯ ಚೀಟಿಯನ್ನು ತಂದು ತೋರಿಸಿದ. ಬಿಳಿಯ ಕಣಗಳು 4,300. ನಾಲ್ಕು ಸಾವಿರದಿಂದ ಹನ್ನೊಂದು ಸಾವಿರದವರೆಗೆ ಇರಬಹುದೆಂದು ಅದರಲ್ಲೇ ಅಚ್ಚಾಗಿತ್ತು. ‘ನಾರ್ಮಲ್ ಅಂದ್ರು ಸಾರ್.’

ನಾನು ಮತ್ತೆ ರಸಾಯನಶಾಸ್ತ್ರದವರ ಬಳಿಗೆ ಹೋದೆ. ಅವರು ಹೇಳಿದ್ದು, ನಾನು ಓದಿಕೊಂಡದ್ದು ಇಷ್ಟು: ಉಸಿರಿನೊಡನೆ ಹೋದ ಬೆಂಜೀನನ್ನು ಯಕೃತ್ತು ಬದಲಾಯಿಸಿ ಹೊರಹಾಕಲು ನೋಡುತ್ತದೆ, ಆ ಯತ್ನದಲ್ಲೇ ಹುಟ್ಟಿದ ದ್ರವ್ಯಗಳು ಮೂಳೆಯ ಮಜ್ಜೆಗೆ ಹೋಗಿ ರಕ್ತಕಣಗಳ ತಾಯಿಕಣಗಳನ್ನು ಕೆಡಿಸುತ್ತವೆ. ರೋಗದೊಡನೆ ಸೆಣಸುವ ಬಿಳಿಯ ಕಣಗಳು ತಗ್ಗುತ್ತವೆ. ಈ ಗುಣವನ್ನು ಕಂಡೇ ಹಂಗೆರಿಯ ವೈದ್ಯ ಕೊರಾನ್ಯಿ 1912ರಲ್ಲಿ ಬಿಳಿಯ ಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಬೆಂಜೀನನ್ನೇ ಮದ್ದಾಗಿ ಕೊಟ್ಟ. 1928ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ಬೆಂಜೀನಿನೊಡನೆ ಕೆಲಸ ಮಾಡಿದವನೊಬ್ಬನಲ್ಲಿ ಅದೇ ಕ್ಯಾನ್ಸರನ್ನು ಕಂಡರು. ಮದ್ದೇ ರೋಗವಾದ ಕಥೆ.

ಅದಕ್ಕಿಂತ ನನ್ನನ್ನು ಕಾಡಿದ್ದು ಚೀನಾದ ತಿಯಾನ್‌ಜಿನ್ ಬಳಿಯ ಪಾದರಕ್ಷೆ ಕಾರ್ಖಾನೆಗಳ ವಿಷಯ. ಅಲ್ಲಿ ಬೆಂಜೀನಿರುವ ಅಂಟಿನೊಡನೆ ಕೆಲಸ ಮಾಡುತ್ತಿದ್ದ 250 ಮಂದಿಯ ರಕ್ತವನ್ನು, ಅದರ ಸೋಂಕಿಲ್ಲದ 140 ಮಂದಿಯ ರಕ್ತದೊಡನೆ ಹೋಲಿಸಿ 2004ರಲ್ಲಿ ಪ್ರಕಟಿಸಿದರು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಬೆಂಜೀನಿದ್ದ ಕಡೆಯೂ ಬಿಳಿಯ ಕಣಗಳು ತಗ್ಗಿದ್ದವು. ಅಮೆರಿಕದ ಕಾನೂನು ದಿನದ ಕೆಲಸಕ್ಕೆ ಒಪ್ಪುವ ಮಿತಿಯೇ ಆ ಒಂದು ಪಾಲು. ಉಳಿದ ಕಣಗಳಿಗೆ ದಾರಿ ತೋರುವ ಟಿ ಕಣಗಳೂ, ಪ್ರತಿವಿಷ ತಯಾರಿಸುವ ಬಿ ಕಣಗಳೂ ಇಳಿದಿದ್ದವು. ಇವರಾರೂ ಹಾಸಿಗೆ ಹಿಡಿದವರಲ್ಲ. ದಿನವೂ ಕೆಲಸಕ್ಕೆ ಬರುತ್ತಿದ್ದವರು.

ಬಂಕು ಪಾದರಕ್ಷೆಯ ಕಾರ್ಖಾನೆಯಲ್ಲ, ಒಪ್ಪುತ್ತೇನೆ. ನಮ್ಮ ಪೆಟ್ರೋಲಿನಲ್ಲಿ ಬೆಂಜೀನು ಶೇಕಡಾ 1ನ್ನು ಮೀರುವಂತಿಲ್ಲ. ಬಂಕಿಗೆ ಗೋಡೆಯೂ ಇಲ್ಲ, ಗಾಳಿಯಾಡುತ್ತದೆ. ಹುಡುಗನ ನೆಗಡಿಗೆ ನಿದ್ದೆಗೇಡೇ ಕಾರಣವಿರಬಹುದು, ಹೊತ್ತಲ್ಲದ ಹೊತ್ತಿನ ಊಟವೂ ಇರಬಹುದು. ಆದರೆ ಆ 4,300 ಅವನಿಗೆ ಹುಟ್ಟಿನಿಂದ ಬಂದದ್ದೋ, ಏಳು ಸಾವಿರದಿಂದ ಇಳಿದು ಬಂದದ್ದೋ? ಕೆಲಸಕ್ಕೆ ಸೇರುವ ಮೊದಲು ಅವನ ರಕ್ತವನ್ನು ಎಣಿಸಿದವರಿಲ್ಲ. ಮೀಟರಿಗೆ ಜೀರೋ ಉಂಟು, ಅವನಿಗಿಲ್ಲ.

‘ಬಿಟ್ಟುಬಿಡು’ ಎಂದೆ. ಹೇಳುವುದು ಸುಲಭ, ತಿಂಗಳ ಮೊದಲ ದಿನ ನನಗೆ ಸಂಬಳ ಬರುತ್ತದೆ.

‘ತಂಗಿ ಪಿ.ಯು.ಸಿ. ಸಾರ್. ಮಾರ್ಚ್ ಆಗ್ಲಿ.’

ಬೇರೆ ಕೆಲಸಕ್ಕಾಗಿ ಇಬ್ಬರು ಪರಿಚಿತರಿಗೆ ಹೇಳಿದ್ದೇನೆ. ಒಬ್ಬರಾದರೂ ಇನ್ನೂ ಉತ್ತರಿಸಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಎಣಿಸಿಕೊಳ್ಳುವುದೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ. ಆ ಖರ್ಚು ನನ್ನದು.

ನಿನ್ನೆ ಸಂಜೆ ಬಂಕಿಗೆ ಹೋಗಿದ್ದೆ. ನಳಿಕೆ ತಾನಾಗಿ ‘ಟಕ್’ ಎಂದು ನಿಂತಿತು. ಅಭ್ಯಾಸಬಲದಿಂದ ಅವನು ಇನ್ನಷ್ಟು ಹಾಕಲು ಬಗ್ಗಿದ.

‘ಸಾಕು ಕಣೋ, ಸಾಕು, ಈಚೆ ಬಾ’ ಎಂದೆ. ಹಿಂದಿನ ಕಾರಿನವರು ಆಗಲೇ ಹಾರನ್ ಒತ್ತುತ್ತಿದ್ದರು.