ಬಾಯಿಗೊಂದು ಮಾತು, ಕೈಗೊಂದು ಚೀಟಿ

ಬೈಲಹೊಂಗಲದ ಚಹಾದಂಗಡಿಯಲ್ಲಿ ಕೂತ ಯಾರನ್ನಾದರೂ ಕೇಳಿ, "ಜೂಜು ಮನಿ ಹಾಳ ಮಾಡತೈತ್ರಿ" ಅಂತಾರೆ. ಕಿತ್ತೂರು, ಸವದತ್ತಿ, ರಾಮದುರ್ಗದಲ್ಲೂ ಅದೇ ಮಾತು. ಧರ್ಮರಾಯ ಏನೇನು ಸೋತ ಅನ್ನುವುದು ಸಣ್ಣ ಹುಡುಗರಿಗೂ ಗೊತ್ತು. ಆದರೂ ನಂಬರಿನ ಮೇಲೆ ರೊಕ್ಕ ಕಟ್ಟಿಸಿಕೊಂಡು ಓಸಿ ಬರೆಯುವವನಿಗೆ ಗಿರಾಕಿಗಳ ಬರವಿಲ್ಲ.

ಪಂಚಮಿಯಲ್ಲಿ ಲಿಂಬಿಹಣ್ಣು ಒಗೆಯುವ ಪಂದ್ಯಕ್ಕೆ ರೊಕ್ಕ ಕಟ್ಟಿದರೆ ಅದು ಹಬ್ಬ. ದೀಪಾವಳಿಯ ಇಸ್ಪೀಟು ಗೆಳೆಯರ ಮೋಜು. ಐಪಿಎಲ್‌ಗೆ ಕಟ್ಟಿದ್ದು ಕ್ರಿಕೆಟ್ ಬಲ್ಲವರ ಲೆಕ್ಕಾಚಾರ. ಜೂಜು ಅನ್ನುವುದನ್ನು ಯಾವಾಗಲೂ ಆಡುವವನು ಪಕ್ಕದ ಓಣಿಯವನು!

ಇದು ನಮ್ಮ ಕಡೆಯವರ ಸೋಗು ಮಾತ್ರ ಅಲ್ಲ ಬಿಡಿ. ಬ್ರಿಟನ್ನಿನ 2007ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜನರ ಒಟ್ಟಾರೆ ಅಭಿಪ್ರಾಯ ಜೂಜಿಗೆ ವಿರುದ್ಧವಾಗಿಯೇ ಇತ್ತು. ಅದೇ ಸಮೀಕ್ಷೆಯ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ಶೇ. 68ರಷ್ಟು ವಯಸ್ಕರು ಏನಾದರೊಂದು ಜೂಜು ಆಡಿದ್ದರು, ಲಾಟರಿಯೂ ಸೇರಿ. ನಮ್ಮ ಕರ್ನಾಟಕದಲ್ಲಿ ಲಾಟರಿ ನಿಂತದ್ದೂ 2007ರಲ್ಲೇ. ಓಸಿ, ಮಟಕಾ 1963ರ ಪೊಲೀಸ್ ಕಾಯ್ದೆಯಡಿ ಅಪರಾಧ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿತು. ಕಾಯ್ದೆಯನ್ನು ಹೊಗಳುವವರೂ ಸಂಜೆ ನಂಬರು ಬರೆಸುತ್ತಾರೆ; ಎರಡರ ನಡುವೆ ಅವರಿಗೆ ಯಾವ ತಕರಾರೂ ಕಾಣುವುದಿಲ್ಲ.

ಹಾಗಾಗಿ ಜೂಜು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುವುದೇ ದಂಡ. ಉತ್ತರ ಎಲ್ಲರಿಗೂ ಬಾಯಿಪಾಠ. ಮನೆಯಲ್ಲಿ ಕೇಳುವುದಿದ್ದರೆ, "ಈ ತಿಂಗಳ ಎಷ್ಟ ಕಟ್ಟೀದಿ?" ಅಂತಲೇ ಕೇಳಿ.