ಆರದ ಉರಿಯೂತ

ಕೊರ್ಲಿಮ್ ಕೈಗಾರಿಕಾ ವಸಾಹತಿನಲ್ಲಿ ದುಡಿಯುವವರಲ್ಲಿ ಉತ್ತರ ಕರ್ನಾಟಕದಿಂದ ಬಂದ ನಮ್ಮವರೂ ಇದ್ದಾರೆ. ವೇತನ, ಪರಿಹಾರಗಳ ವ್ಯಾಜ್ಯ ಹೊತ್ತು ನನ್ನಲ್ಲಿಗೆ ಬರುವವರ ಪೈಕಿ ಕೆಲವರ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ರೊಟ್ಟಿಯನ್ನು ಚೂರು ಮಾಡಿ ಒಳಗೆ ತಳ್ಳಬೇಕು. ಖಾರ ತಾಗಿದರೆ ಉರಿ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದುದರ ಫಲವಿದು. ವೈದ್ಯರಿಗೆ ತೋರಿಸಿ ಎಂದರೆ, "ಗಂಟಿಲ್ಲ, ರಕ್ತ ಇಲ್ಲ, ದವಾಖಾನಿ ಯಾಕ್ರೀ ವಕೀಲ್ ಸಾಹೇಬ್ರ?" ಎನ್ನುತ್ತಾರೆ.

ಉತ್ತರವಿರುವುದು ಉರಿಯೂತದ ಸ್ವಭಾವದಲ್ಲಿ. ಗಾಯವಾದೊಡನೆ ಬಿಳಿ ರಕ್ತಕಣಗಳು ಧಾವಿಸಿ ರೋಗಾಣುಗಳನ್ನು ಕೊಲ್ಲುತ್ತವೆ, ಸತ್ತ ಜೀವಕೋಶಗಳನ್ನು ತೆರವುಗೊಳಿಸುತ್ತವೆ, ಹೊಸ ಕೋಶಗಳು ಬೆಳೆಯುವಂತೆ ಸಂಕೇತ ನೀಡುತ್ತವೆ. ಕಾರ್ಯ ಮುಗಿದ ಮೇಲೆ ಊತ ಇಳಿಯಬೇಕು. ಕೆನ್ನೆಯ ಒಳಪೊರೆಯನ್ನು ಅಡಿಕೆ ದಿನವೂ ಕೆರಳಿಸುತ್ತಿದ್ದರೆ ಅದು ಇಳಿಯುವುದೆಂತು? ದುರಸ್ತಿ ನಿಲ್ಲದೆ ನಾರಿನ ಅಂಗಾಂಶ ಶೇಖರವಾಗಿ ಬಾಯಿ ಬಿಗಿಯುತ್ತದೆ. ರಕ್ಷಕ ಕಣಗಳು ಹೊರಸೂಸುವ ಉಗ್ರ ರಾಸಾಯನಿಕಗಳು ನೆರೆಯ ಕೋಶಗಳ ಡಿಎನ್‌ಎಯನ್ನೂ ಕೆಡಿಸಬಲ್ಲವು. ಹಾಗೆ ಕೆಟ್ಟ ಕೋಶಕ್ಕೂ ಬೆಳವಣಿಗೆಯ ಅದೇ ಸಂಕೇತ ದೊರೆಯುತ್ತದೆ. ಗೆಡ್ಡೆಗಳಲ್ಲಿ ಬಿಳಿ ರಕ್ತಕಣಗಳಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಚೋ 1863ರಲ್ಲೇ ಗುರುತಿಸಿದ್ದರು. ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗೆಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದರು.

ಇವೇ ರಕ್ಷಕ ಕಣಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲಲೂ ಸಮರ್ಥ. ಅವುಗಳಿಗೆ ಬಿದ್ದ ತಡೆಯನ್ನು ತೆಗೆಯುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಸಂದಿತು. ಆದರೆ ಆ ಔಷಧಗಳ ಬೆಲೆ ದಿನಗೂಲಿಯವರ ಕೈಗೆ ಎಟುಕುವಂಥದ್ದಲ್ಲ.

ಕಾನೂನು ತನ್ನ ಪಾಲಿನದನ್ನು ಅರ್ಧ ಮಾಡಿದೆ. ಗುಟ್ಕಾವನ್ನು ಗೋವಾ 2005ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ವ್ಯಾಪಾರಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಗಳಲ್ಲಿ ಮಾರಿದರು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡ. ತಂಬಾಕು ಬಿಟ್ಟವನೂ ಪಾರಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ತಾಂಬೂಲವನ್ನು ಮಂಗಳದ್ರವ್ಯವೆಂದು ಗೌರವಿಸುವ ನಮಗೆ ಈ ಮಾತು ರುಚಿಸದು; ಅಡಿಕೆ ಬೆಳೆದು ಬದುಕುವ ಬಂಧುಗಳು ನನಗೂ ಇದ್ದಾರೆ. ಆದರೂ ಸಾಕ್ಷ್ಯವನ್ನು ಅಲ್ಲಗಳೆಯಲಾರೆ.

ಓದುಗ ಬಾಂಧವರು ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಬಲ್ಲುಗಳ ನಡುವೆ ತೂರಿಸಿ ನೋಡಲಿ. ಹಿಡಿಸದಿದ್ದರೆ ಅಡಿಕೆಯನ್ನು ಅಂದೇ ಬಿಡಬೇಕು. ಬಾಂಬೋಳಿಯ ಸರಕಾರಿ ದಂತ ಮಹಾವಿದ್ಯಾಲಯ ಇಲ್ಲಿಂದ ದೂರವಿಲ್ಲ. ಬಿಗಿದ ಬಾಯಿ ಪೂರ್ಣ ಸಡಿಲವಾಗದಿದ್ದರೂ, ಕಾಯಿಲೆ ಕ್ಯಾನ್ಸರಿಗೆ ತಿರುಗಿದರೆ ಬೇಗನೆ ತಿಳಿಯುತ್ತದೆ. ನ್ಯಾಯಾಲಯದಲ್ಲಾದರೆ ವಿಳಂಬ ಮನ್ನಿಸಿರೆಂದು ಅರ್ಜಿ ಹಾಕಬಹುದು. ಈ ವ್ಯಾಜ್ಯದಲ್ಲಿ ಅಂಥ ಅವಕಾಶವಿಲ್ಲ.