ಅಪ್ಪನ ಕಾಲು ಮತ್ತು ಒಂದು 'ಡಿ' ಅಕ್ಷರ

ಇದನ್ನ ಬರೀಬೇಕು ಅಂದ್ಕೊಂಡು ತಿಂಗಳಾಯ್ತು. ಅರ್ಧ ಬರೆದು ಬಿಟ್ಟಿದ್ದೆ. ಯಾಕಂದ್ರೆ ತಪ್ಪು ನನ್ನದೇ. ಇವತ್ತು ಮುಗಿಸಿಬಿಡ್ತೀನಿ. ಮಧ್ಯೆ ಸ್ವಲ್ಪ ವಿಜ್ಞಾನ ಕೊರೀತೀನಿ, ಸಹಿಸ್ಕೊಳ್ಳಿ.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಜೊತೆಗೆ ಸಕ್ಕರೆ ಕಾಯಿಲೆ. ಮಳೆಗಾಲದಲ್ಲಿ ಹಿತ್ತಲಲ್ಲಿ ಕಾಲಿಗೆ ಏನೋ ಚುಚ್ಚಿ ಗಾಯ ಆಯ್ತು. "ಎರಡು ದಿನದಲ್ಲಿ ಮಾಯುತ್ತೆ ಬಿಡು ಪುಟ್ಟಿ" ಅಂದ್ರು ಫೋನಲ್ಲಿ. ಭಾನುವಾರ ಶಿವಮೊಗ್ಗದಿಂದ ಬಸ್ ಹತ್ತಿ ಹೋಗಿ ನೋಡಿದ್ರೆ ಪಾದ ಕೆಂಪಗೆ ಊದಿಕೊಂಡಿತ್ತು. ನಾನು ಮಾಡಿದ್ದೇನು ಗೊತ್ತಾ? ಯಾವಾಗಲೋ ಗಂಟಲು ನೋವಿಗೆ ತಂದು ಬ್ಯಾಗಲ್ಲಿ ಉಳಿದಿದ್ದ ಎರಡು ಅಜಿಥ್ರೋಮೈಸಿನ್ ಮಾತ್ರೆ ಕೊಟ್ಟು ಬಂದೆ. ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ, ಎಂಎಸ್ಸಿ ಬಯೋಕೆಮಿಸ್ಟ್ರಿ ಓದಿದವಳು ಮಾಡೋ ಕೆಲಸವಾ ಇದು!

ನಾಲ್ಕನೇ ದಿನ ಕೀವು. ಶಿವಮೊಗ್ಗಕ್ಕೆ ಕರ್ಕೊಂಡು ಬಂದು ಡಾಕ್ಟರಿಗೆ ತೋರಿಸಿದ್ವಿ. ಅಪ್ಪನಿಗೆ ಪೆನ್ಸಿಲಿನ್ ಆಗಿಬರಲ್ಲ, ಮೈಯೆಲ್ಲ ದದ್ದು ಏಳುತ್ತೆ. "ಕ್ಲಿಂಡಾಮೈಸಿನ್ ಕೊಡೋಣ, ಆದ್ರೆ ಕಲ್ಚರ್ ರಿಪೋರ್ಟ್ ಬರಲಿ" ಅಂದ್ರು ಅವರು.

ಲ್ಯಾಬಲ್ಲಿ ಇದ್ದವಳು ನನ್ನ ಹಳೇ ಕ್ಲಾಸ್‌ಮೇಟ್. ರಿಪೋರ್ಟ್ ಕೊಡೋ ಬದಲು "ಬಾರೇ ಒಳಗೆ, ಒಂದು ತೋರಿಸ್ತೀನಿ" ಅಂತ ಪ್ಲೇಟನ್ನ ಬೆಳಕಿಗೆ ಹಿಡಿದಳು. ಅಗಾರ್ ಮೇಲೆ ಸ್ಟ್ಯಾಫಿಲೋಕಾಕಸ್ ಬೆಳೆದು ಮಂಜಿನ ಹಾಗೆ ಹರಡಿತ್ತು. ಪಕ್ಕಪಕ್ಕ ಎರಡು ಪುಟಾಣಿ ಬಿಲ್ಲೆ, ಒಂದು ಎರಿಥ್ರೋಮೈಸಿನ್, ಇನ್ನೊಂದು ಕ್ಲಿಂಡಾಮೈಸಿನ್. ಔಷಧಿ ಕೆಲಸ ಮಾಡಿದ್ರೆ ಬಿಲ್ಲೆ ಸುತ್ತ ದುಂಡಗೆ ಖಾಲಿ ಜಾಗ ಇರಬೇಕು. ಕ್ಲಿಂಡಾಮೈಸಿನ್ ಸುತ್ತ ಖಾಲಿ ಏನೋ ಇತ್ತು, ಆದ್ರೆ ಎರಿಥ್ರೋಮೈಸಿನ್ ಕಡೆಯ ಅಂಚು ಮಾತ್ರ ಚಪ್ಪಟೆ. ಥೇಟ್ ಇಂಗ್ಲಿಷಿನ 'ಡಿ' ಅಕ್ಷರ.

"ಡಿ-ಟೆಸ್ಟ್ ಪಾಸಿಟಿವ್. ಕ್ಲಿಂಡಾಮೈಸಿನ್ ಒಂದನ್ನೇ ಇಟ್ಟಿದ್ರೆ ಸರಿಯಾಗೇ ಕೆಲಸ ಮಾಡುತ್ತೆ ಅಂತ ಬರೆದು ಕೊಟ್ಟುಬಿಡ್ತಿದ್ದೆ" ಅಂದಳು. ನಂಗೆ ಕ್ಲಾಸಲ್ಲಿ ಓದಿದ್ದ ಮೀಥೈಲ್‌ಟ್ರಾನ್ಸ್‌ಫರೇಸ್ ನೆನಪಾಯ್ತು.

ಮೀಥೈಲ್ ಅಂದ್ರೆ ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಅದನ್ನ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಅಂಟಿಸೋ ಕಿಣ್ವವೇ ಮೀಥೈಲ್‌ಟ್ರಾನ್ಸ್‌ಫರೇಸ್. ನಾವು ಹೆಚ್ಚು ಓದಿದ್ದು ಡಿಎನ್‌ಎಗೆ ಗುರುತು ಹಾಕೋ ಜಾತಿಯದು. ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ಯಾವುದು, ಹೊರಗಿಂದ ಬಂದಿದ್ದು ಯಾವುದು ಅಂತ ಆ ಗುರುತಿಂದಲೇ ತಿಳಿಯುತ್ತೆ. ಬೆಂಗಳೂರಿನ ಐಐಎಸ್‌ಸಿಯ ಡಿ. ಎನ್. ರಾವ್ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಅವುಗಳನ್ನೇ.

ಅಪ್ಪನ ಕಾಲಲ್ಲಿದ್ದದ್ದು ಬೇರೆ ಜಾತಿ, 'ಎರ್ಮ್' ಅಂತ. ಸುಮಾರು 240 ಅಮೈನೋ ಆಮ್ಲದ ಸಣ್ಣ ಕಿಣ್ವ, ಎರಡು ಭಾಗ. ದೊಡ್ಡ ಭಾಗದ ಗುಳಿಯಲ್ಲಿ ಮೀಥೈಲ್ ಕೊಡೋ ಎಸ್-ಅಡೆನೊಸಿಲ್ ಮೆಥಿಯೊನಿನ್ ಕೂರುತ್ತೆ. ಚಿಕ್ಕದು ಬರೀ ಸುರುಳಿಗಳು. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತಯಾರಿಸೋ ಕಾರ್ಖಾನೆ ರೈಬೋಸೋಮ್. ಅದರೊಳಗಿನ ಆರ್‌ಎನ್‌ಎಯ ಸುಮಾರು 2900 ಅಕ್ಷರಗಳಲ್ಲಿ 2058ನೆಯದು ಒಂದು ಅಡೆನಿನ್. ಎರ್ಮ್ ಹುಡುಕಿಕೊಂಡು ಹೋಗೋದು ಅದೊಂದನ್ನೇ. ಅದಕ್ಕೆ ಎರಡು ಮೀಥೈಲ್ ಅಂಟಿಸುತ್ತೆ. ಎರಿಥ್ರೋಮೈಸಿನ್, ಅಜಿಥ್ರೋಮೈಸಿನ್, ಕ್ಲಿಂಡಾಮೈಸಿನ್ ಮೂರೂ ಕೂರೋದು ಅದೇ ಜಾಗದ ಆಸುಪಾಸಿನಲ್ಲಿ. ಎರಡು ಮೀಥೈಲ್ ಅಡ್ಡ ಬಂದ್ರೆ ಮೂರಕ್ಕೂ ಜಾಗ ಇಲ್ಲ! ಇನ್ನೊಂದು ವಿಷಯ, ಕಟ್ಟಿ ಮುಗಿದ ರೈಬೋಸೋಮಿಗೆ ಎರ್ಮ್ ಏನೂ ಮಾಡಲಾರದು. ಇನ್ನೂ ಕಟ್ಟುತ್ತಿರುವಾಗಲೇ ಅಂಟಿಸಬೇಕು.

ಇದೆಲ್ಲ ಯಾವಾಗಲೂ ನಡೀತಿದ್ರೆ ಗುಟ್ಟೇ ಇರ್ತಿರಲಿಲ್ಲ. ಈ ಬಗೆಯ ಬ್ಯಾಕ್ಟೀರಿಯಾದಲ್ಲಿ ಎರ್ಮ್ ತಯಾರಿಸೋ ಸೂಚನೆ ಮಡಚಿಕೊಂಡು ಮುಚ್ಚಿರುತ್ತೆ. ಎರ್ಮ್-ಸಿ ಅನ್ನೋದರಲ್ಲಿ ಆ ಸೂಚನೆಯ ಮುಂದೆ 19 ಅಮೈನೋ ಆಮ್ಲದ ಒಂದು ಪುಟ್ಟ ಪ್ರೋಟೀನಿನ ಬರಹ ಇದೆ. ಎರಿಥ್ರೋಮೈಸಿನ್ ಸಿಕ್ಕಿಹಾಕಿಕೊಂಡ ರೈಬೋಸೋಮ್ ಅದನ್ನ ಓದ್ತಾ ಓದ್ತಾ ಅರ್ಧಕ್ಕೇ ನಿಂತುಬಿಡುತ್ತೆ. ಅದು ನಿಂತ ಕೂಡಲೇ ಮಡಿಕೆ ಬಿಚ್ಚಿಕೊಂಡು ಎರ್ಮ್‌ನ ಸೂಚನೆ ತೆರೆಯುತ್ತೆ. ಇನ್ನೂ ಔಷಧಿ ತಾಗದ ಬೇರೆ ರೈಬೋಸೋಮ್‌ಗಳು ಕಿಣ್ವ ತಯಾರಿಸ್ತವೆ. ಅಜಿಥ್ರೋಮೈಸಿನ್ ಬಂದ್ರೂ ಇದೇ ಕಥೆ. ಕ್ಲಿಂಡಾಮೈಸಿನ್‌ಗೆ ಮಾತ್ರ ಅದನ್ನ ಎಬ್ಬಿಸೋ ಶಕ್ತಿ ಇಲ್ಲ. ಅದಕ್ಕೇ ಪ್ಲೇಟಲ್ಲಿ ಒಂದೇ ಕಡೆ ಚಪ್ಪಟೆ. ಹಾಗಂತ ಕ್ಲಿಂಡಾಮೈಸಿನ್ ಕೊಡ್ತಾ ಹೋದ್ರೆ, ಕೋಟಿಗಟ್ಟಲೆ ಬ್ಯಾಕ್ಟೀರಿಯಾದಲ್ಲಿ ಮಡಿಕೆಯೇ ಕೆಟ್ಟು ಸದಾ ಎರ್ಮ್ ತಯಾರಿಸೋ ಒಂದೆರಡು ಉಳ್ಕೊಂಡು ಬೆಳೆದುಬಿಡಬಹುದು.

ಸಂಜೆ ಅಪ್ಪನಿಗೆ ಇಷ್ಟನ್ನೂ ಹೇಳಿದೆ. ಸುಮ್ಮನೆ ಕೇಳಿ, "ಹಂಗಾದ್ರೆ ಬಾಗಿಲು ಬಡಿದ ಸದ್ದಿಗೇ ಎದ್ದು ಅಗಳಿ ಹಾಕ್ಕೊಳ್ಳುತ್ತೆ ಅನ್ನು" ಅಂದ್ರು. ನಂಗೆ ಇಷ್ಟು ಚೆನ್ನಾಗಿ ಹೇಳಕ್ಕೆ ಬಂದಿರಲಿಲ್ಲ. "ಅದಕ್ಕೆ ಇದನ್ನೆಲ್ಲ ಯಾರು ಕಲಿಸಿದ್ರು?" ಅಂದ್ರು.

ಮಣ್ಣು. ಎರಿಥ್ರೋಮೈಸಿನ್ ಸಿಕ್ಕಿದ್ದೇ ಫಿಲಿಪ್ಪೀನ್ಸಿನ ಇಲೊಯ್ಲೊ ಕಡೆಯ ಮಣ್ಣಲ್ಲಿ. ಅಬೆಲಾರ್ಡೊ ಅಗಿಲಾರ್ ಅನ್ನೋ ವೈದ್ಯರು 1949ರಲ್ಲಿ ಆ ಮಣ್ಣನ್ನ ಅಮೆರಿಕಕ್ಕೆ ಕಳಿಸಿದ್ರು, 1952ರಲ್ಲಿ ಔಷಧಿ ಬಂತು. ಆ ಔಷಧಿ ತಯಾರಿಸೋ ಬ್ಯಾಕ್ಟೀರಿಯಾ ತನ್ನ ವಿಷಕ್ಕೆ ತಾನೇ ಸಾಯಬಾರದಲ್ಲ? ಅದಕ್ಕೇ ಅದರ ಹತ್ರವೂ ಒಂದು ಎರ್ಮ್ ಇದೆ. ಅಂದ್ರೆ ನಾವು ಔಷಧಿ ಕಂಡುಹಿಡಿಯೋ ಎಷ್ಟೋ ಮುಂಚೆಯೇ ಅಗಳಿ ಇತ್ತು.

ಡಾಕ್ಟರ್ ಕ್ಲಿಂಡಾಮೈಸಿನ್ ಬಿಟ್ಟು ರಿಪೋರ್ಟ್ ನೋಡಿ ಬೇರೆ ಕೊಟ್ರು. ಗಾಯ ಮಾಯಕ್ಕೆ ಆರು ವಾರ ಬೇಕಾಯ್ತು. ಈಗ ಅಪ್ಪ ನಿಧಾನಕ್ಕೆ ಭದ್ರಾ ಹೊಳೆ ಸೇತುವೆ ತನಕ ನಡೆದು ಬರ್ತಾರೆ. ನನ್ನ ಎರಡು ಮಾತ್ರೆಯಿಂದಲೇ ಹೀಗಾಯ್ತು ಅಂತ ಹೇಳಕ್ಕಾಗಲ್ಲ. ಆದ್ರೆ ನಾಲ್ಕು ದಿನ ಹಾಳಾಗಿದ್ದು ನನ್ನಿಂದಲೇ. ಬಾಗಿಲು ಬಡಿದು ಎಬ್ಬಿಸಿದ್ದೂ ನಾನೇ ಇರಬಹುದು. ಅಪ್ಪ ಮಾತ್ರ ಇವತ್ತಿಗೂ ಆ ಮಾತ್ರೆ ಬಗ್ಗೆ ಒಂದು ಮಾತೂ ಕೇಳಿಲ್ಲ.

ಅಮ್ಮನ ಹಳೇ ಬಿಸ್ಕತ್ ಡಬ್ಬದಲ್ಲಿ ಇನ್ನೂ ಮೂರು ಥರದ ಅರ್ಧಂಬರ್ಧ ಸ್ಟ್ರಿಪ್ ಸಿಕ್ಕಿದ್ವು. ತೆಗೆದುಬಿಟ್ಟೆ. ನಿಮ್ಮನೆ ಡಬ್ಬದಲ್ಲಿ ಎಷ್ಟಿವೆ? ಒಮ್ಮೆ ನೋಡಿ...